ಬಾಟಲಿಯ ಮೇಲಿನ ಹೆಸರು

ಪಿಜ್ಜಾ ಜತೆ ಬರುವ ಓರೆಗಾನೊದ ಸಣ್ಣ ಪೊಟ್ಟಣಗಳನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡುವ ಜಾಯಮಾನ ನನ್ನದು. ಮಲೆನಾಡಿನ ಸಾಗರದಿಂದ ಬಂದಿದ್ದ ಅಮ್ಮ ಒಂದು ದಿನ ಆ ಡಬ್ಬಿ ತೆರೆದು ಮೂಸಿ, "ದೊಡ್ಡಪತ್ರೆ ಒಣಗಿಸಿ ಇಟ್ಟಿದ್ದೀಯೇನೇ?" ಎಂದಳು. ಅಲ್ಲ ಅಂತ ನಕ್ಕೆ. ಆದರೆ ಅವಳ ಮೂಗು ಪೂರ್ತಿ ತಪ್ಪಿರಲಿಲ್ಲ. ಓರೆಗಾನೊ, ದೊಡ್ಡಪತ್ರೆ ಎರಡೂ ತುಳಸಿ, ಪುದೀನದ ಕುಟುಂಬದವೇ. ಮೂಗಿಗೆ ಚುರುಕ್ಕೆನ್ನುವ ಕಾರ್ವಕ್ರಾಲ್ ಎಂಬ ಅಂಶ ಎರಡರಲ್ಲೂ ಇದೆ. ದೊಡ್ಡಪತ್ರೆಗೆ ಕ್ಯೂಬನ್ ಓರೆಗಾನೊ ಎಂಬ ಇನ್ನೊಂದು ಹೆಸರೂ ಉಂಟು.

ಅಂದಿನಿಂದ ಓರೆಗಾನೊ ಗಿಡದ ಹುಚ್ಚು ಹಿಡಿಯಿತು. ನರ್ಸರಿಯಿಂದ ತಂದ ಮೊದಲ ಗಿಡವನ್ನು ನಾನು ಪ್ರೀತಿಯಿಂದಲೇ ಕೊಂದೆ. ದಿನಕ್ಕೆರಡು ಸಲ ನೀರು, ಕೈತುಂಬ ಗೊಬ್ಬರ. ಹದಿನೈದೇ ದಿನಕ್ಕೆ ಬೇರು ಕೊಳೆತು ಕಪ್ಪಾಯಿತು. ಮೆಡಿಟರೇನಿಯನ್ ಸೀಮೆಯ ಕಲ್ಲುಗುಡ್ಡಗಳಲ್ಲಿ ಬಿಸಿಲು ಕುಡಿದು ಬೆಳೆಯುವ ಗಿಡಕ್ಕೆ ಈ ಉಪಚಾರವೇ ಹಿಂಸೆ. ಎರಡನೆಯದಕ್ಕೆ ಕುಂಡದ ತಳದಲ್ಲಿ ಹೆಂಚಿನ ಚೂರು ಹಾಕಿ, ಮಣ್ಣಿಗೆ ಮರಳು ಬೆರೆಸಿ, ತಾರಸಿಯಲ್ಲಿ ದಿನವಿಡೀ ಬಿಸಿಲು ಬೀಳುವ ಮೂಲೆಯಲ್ಲಿಟ್ಟೆ. ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಕುಡಿ ಚಿವುಟಿದಷ್ಟೂ ಕವಲೊಡೆದು ಕುಂಡದಾಚೆಗೆ ಚೆಲ್ಲಿತು. ಇಲಿಕಿವಿಯಂಥ ಎಲೆ, ಮೇಲೆ ಕಂಡೂ ಕಾಣದ ರೋಮ.

ಕೊಯ್ಲು ಮೊಗ್ಗು ಮೂಡುವ ಹೊತ್ತಿಗೆ, ಹೂ ಅರಳುವ ಮೊದಲು. ಘಮ ಆಗಲೇ ತುಂಬಿರುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಕಡ್ಡಿ ಕತ್ತರಿಸಿ, ಏಳೆಂಟನ್ನು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ, ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗಿಬಿಡುತ್ತೇನೆ. ಬಿಸಿಲಿಗಿಟ್ಟರೆ ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ವಾರ, ಹತ್ತು ದಿನಕ್ಕೆ ಕಡ್ಡಿ ಬಗ್ಗದೆ ಲಟಕ್ಕನೆ ಮುರಿಯುತ್ತದೆ. ತುದಿ ಹಿಡಿದು ಬೆರಳನ್ನು ಕೆಳಕ್ಕೆ ಜಾರಿಸಿದರೆ ಎಲೆಯೆಲ್ಲ ಚರಚರ ಮೊರಕ್ಕೆ ಉದುರುತ್ತದೆ. ಈ ಸದ್ದಿಗಾಗಿಯೇ ಗಿಡ ಬೆಳೆಸಬೇಕು! ಪುಡಿ ಮಾಡದೆ ಇಡಿ ಎಲೆಯನ್ನೇ ಬಾಟಲಿಗೆ ತುಂಬಬೇಕು. ಬೇಕಾದಾಗ ಅಂಗೈಯಲ್ಲಿ ತಿಕ್ಕಿದರಾಯಿತು. ಕೊತ್ತಂಬರಿ ಸೊಪ್ಪು ಒಣಗಿದರೆ ಸಪ್ಪೆ. ಇದು ಒಣಗಿದ ಮೇಲೆಯೇ ಪ್ರಖರ. ಮೂರು ಚಮಚ ಹಸಿ ಎಲೆಯ ಕೆಲಸವನ್ನು ಒಂದು ಚಮಚ ಒಣ ಎಲೆ ಮಾಡುತ್ತದೆ. ಬೆಳ್ಳುಳ್ಳಿ ಜತೆ ಕುದಿಯುವ ಟೊಮೆಟೊಗೆ, ಹುರಿದ ಆಲೂಗಡ್ಡೆಗೆ ನನ್ನ ಕೈ ತಾನಾಗಿ ಉದುರಿಸುತ್ತದೆ.

ಒಂದು ಆಷಾಢದಲ್ಲಿ ಅವಸರಪಟ್ಟು, ಕಡ್ಡಿ ಇನ್ನೂ ಬಗ್ಗುತ್ತಿದ್ದಾಗಲೇ ತುಂಬಿಟ್ಟೆ. ನಾಲ್ಕೇ ದಿನಕ್ಕೆ ಬಾಟಲಿಯೊಳಗೆ ಬೂಷ್ಟು. ಫೋನಿನಲ್ಲಿ ಗೋಳಾಡಿದರೆ ಅಮ್ಮ, "ಮಳೇಲಿ ಒಣಗಿಸೋದು ಹೆಂಗೆ ಅಂತ ನಮ್ಮನ್ನ ಕೇಳೋದಲ್ವಾ?" ಎಂದಳು. ಮುಂದಿನ ಕಟ್ಟನ್ನು ಊರಿಗೆ ಹೊರಟಿದ್ದ ತಮ್ಮನ ಕೈಯಲ್ಲಿ ಕಳಿಸಿದೆ. ಅದು ಬಚ್ಚಲೊಲೆಯ ಮೇಲೆ, ಒದ್ದೆ ಬಟ್ಟೆಗಳ ಪಕ್ಕದಲ್ಲಿ ಎರಡು ವಾರ ತೂಗಾಡಿತಂತೆ.

ಒಣಗಿದ ಎಲೆ ಬಾಟಲಿಯಲ್ಲಿ ವಾಪಸು ಬಂತು. ಮುಚ್ಚಳ ತೆಗೆದರೆ ಗ್ರೀಸಿನ ಗುಡ್ಡಕ್ಕೆ ನಮ್ಮೂರ ಅಡಿಕೆ ಸೋಗೆಯ ಹೊಗೆ ಸುತ್ತಿಕೊಂಡಿತ್ತು. ಅಂದು ಸಂಜೆಯೇ ಅಕ್ಕಿರೊಟ್ಟಿ ಹಿಟ್ಟಿಗೆ ಒಂದು ಚಿಟಿಕೆ ತಿಕ್ಕಿ ಹಾಕಿದೆ. ಬಾಟಲಿಯ ಮೇಲೆ ಅಮ್ಮನ ದುಂಡಗಿನ ಅಕ್ಷರದ ಚೀಟಿ ಇನ್ನೂ ಹಾಗೇ ಇದೆ: 'ಒಣ ದೊಡ್ಡಪತ್ರೆ'. ತಿದ್ದಲು ಹೋಗಿಲ್ಲ.