ನಮ್ಮ ಟ್ರಾಕ್ಟರ್ ಶೆಡ್ಡಿನ ಬಾಗಿಲು

ಈ ಬೇಸಿಗೆ ರಜೆಯಲ್ಲಿ ನಮ್ಮ ಹಿತ್ತಲಲ್ಲಿ ಟ್ರಾಕ್ಟರ್ ನಿಲ್ಲಿಸಲು ಶೆಡ್ಡು ಕಟ್ಟಿದೆವು. ಬಾಗಿಲು ಎಲ್ಲಿಡಬೇಕೆಂದು ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಪಶ್ಚಿಮಕ್ಕೆ ಇಟ್ಟರೆ ಮುಂಗಾರಿನ ಗಾಳಿ, ಮಳೆ ಒಳಗೇ ಬಡಿಯುತ್ತದೆ. ಪೂರ್ವದ 20 ಅಡಿ ಗೋಡೆಯ ನಡುವೆ ಇಟ್ಟರೆ ಅಜ್ಜಿ ನೆಟ್ಟ ಬೇವಿನ ಮರ ಅಡ್ಡ.

"ಮರ ಕಡಿದ್ರಾತು" ಎಂದರು ಅಪ್ಪ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ನಾನು ಟೇಪು ಹಿಡಿದು ಅಳೆದೆ. ಟ್ರಾಕ್ಟರಿನ ಅಗಲ 6 ಅಡಿ. ಹೊಗೆ ಕೊಳವೆ ಸೇರಿ ಎತ್ತರ ಏಳೂವರೆ ಅಡಿ. ಮೇಸ್ತ್ರಿ ಹೇಳಿದರು: "ತಮ್ಮಾ, ಎರಡೂ ಕಡಿಗೆ 2 ಅಡಿ ಬಿಡ್ಬೇಕು. ಎತ್ತರ 9 ಇರ್ಲಿ." ಅಂದರೆ ಬಾಗಿಲಿಗೆ 10 ಅಡಿ ಅಗಲ ಬೇಕು. ನೆಲದ ಮೇಲೆ ಬೂದಿಯಿಂದ ಗೆರೆ ಎಳೆದು, ಬಾಗಿಲನ್ನು 4 ಅಡಿ ಉತ್ತರಕ್ಕೆ ಸರಿಸಿ ತೋರಿಸಿದೆ. ಅಪ್ಪ ಟ್ರೇಲರ್ ಕಟ್ಟಿ ನಿಧಾನಕ್ಕೆ ಹಿಂದೆ ಬಿಟ್ಟರು. ಗಾಲಿ ಗೆರೆ ತುಳಿಯಲಿಲ್ಲ, ಮರಕ್ಕೂ ತಾಗಲಿಲ್ಲ!

ಕದ ಹೊರಗೆ ತೆರೆದರೆ ಮರಕ್ಕೆ ಬಡಿಯುತ್ತದೆಂದು ಕೂಡ್ಲಿಗಿಯಿಂದ ಷಟರ್ ತಂದು ಹಾಕಿಸಿದರು. ಕುಂಟೆ, ಗೊಬ್ಬರ ತೆಗೆಯಲು ಪಕ್ಕದಲ್ಲಿ 3 ಅಡಿಯ ಸಣ್ಣ ಬಾಗಿಲೂ ಇದೆ.

ಗಣಿತದ ಗುರುಗಳು ಕಲಿಸಿದ ಅಳತೆ ಮನೆಗೂ ಬಂತು. ಈಗ ಅಜ್ಜಿ ಅದೇ ಮರದ ನೆರಳಲ್ಲಿ ಕೂತು ಹೇಳುತ್ತಾಳೆ: "ಅಳತಿ ಮಾಡ್ದ ಕೊಡ್ಲಿ ಎತ್ತಬಾರ್ದಪ್ಪಾ."