ಗೋಡೆಯ ಹೊಟ್ಟೆ

2024ರ ಮೇ ತಿಂಗಳಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಮಳೆಗೆ ಕುಸಿಯಿತಲ್ಲ, ಅಂದಿನಿಂದ ನನಗೆ ಬಾದಾಮಿ ಕಡೆಯ ನಮ್ಮ ಅತ್ತೆಯವರ ಹಳೆಯ ಕಲ್ಲುಮನೆಯದೇ ಚಿಂತೆ. ಪಡಸಾಲೆಯ ಗೋಡೆ ಹೊಟ್ಟೆ ಬಿಟ್ಟಿತ್ತು. ಅತ್ತೆ ಮಾತ್ರ, "ಬಸರಿದ್ದಾಗ ನಾನೂ ಹಿಂಗ ಇದ್ನಿ, ಬಿದ್ನೇನು?" ಎಂದು ನಕ್ಕುಬಿಟ್ಟರು.

ಎಂಜಿನಿಯರು ಬಂದು, ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ, ಸಣ್ಣ ಸುತ್ತಿಗೆಯಿಂದ ಗೋಡೆಯನ್ನು ತಟ್ಟಿ ತಟ್ಟಿ ಕೇಳಿದರು. ಎರಡು ಬದಿಗೆ ಕಲ್ಲು, ನಡುವೆ ಮಣ್ಣು, ಚೂರುಗಲ್ಲು. ನೀರಿಳಿದು ಮಣ್ಣು ಸಡಿಲಾದರೆ ಎರಡು ಬದಿಯೂ ಬೇರೆಬೇರೆಯಾಗುತ್ತವಂತೆ. ಟೊಳ್ಳು ಸದ್ದು ಬಂದದ್ದು, ನಾವೇ ಮುತುವರ್ಜಿಯಿಂದ ಸಂದಿಗೆ ಸಿಮೆಂಟು ಮೆತ್ತಿಸಿದ್ದ ಕಡೆ! ಸುಣ್ಣದ ಗಾರೆಯಾಗಿದ್ದರೆ ತೇವ ಹೊರಗೆ ಹೋಗುತ್ತಿತ್ತು; ಸಿಮೆಂಟು ಗೋಡೆಯ ಉಸಿರು ಕಟ್ಟಿಸಿತ್ತು. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, "ಇದು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಅಂದೇ ತಿಳಿಸಿ" ಎಂದು ಹೋದರು.

ಅತ್ತೆಯ ಹಾಸಿಗೆ ಪಡಸಾಲೆಯಿಂದ ಅಡಿಗೆಮನೆಗೆ ಬಂತು. ಬೆಳಿಗ್ಗೆ ದೇವರ ದೀಪಕ್ಕಿಂತ ಮೊದಲು ಅವರು ಗಾಜಿನ ಪಟ್ಟಿ ನೋಡುತ್ತಿದ್ದರು. ಶ್ರಾವಣದಲ್ಲೊಂದು ದಿನ ಫೋನು: "ಒಡದೈತಿ ನೋಡವ್ವಾ. ನಿಮ್ಮ ಮಾವನ ಫೋಟೊ ಇಳಿಸೀನಿ. ಬಂದು ಕರಕೊಂಡು ಹೋಗ್ರಿ."