ಭಾನುವಾರ ಮಂಡನೆ, ಬುಧವಾರ ಪಾಸು

2020ರ ಸೆಪ್ಟೆಂಬರ್ 21, ಸೋಮವಾರ. ಲಿಂಗಸುಗೂರಿನ ಬಾಡಿಗೆ ಕೋಣೆಯೊಂದರಲ್ಲಿ ಕೂತಿದ್ದೀರಿ. ಇಲ್ಲಿನ ಪುಟ್ಟ ಸ್ವಯಂಸೇವಾ ಸಂಸ್ಥೆಯ ಕಾರ್ಯದರ್ಶಿ ನೀವೇ. ಮಾಸ್ಕಿನೊಳಗಿನ ಬಿಸಿ ಉಸಿರು ಮುಖಕ್ಕೇ ಬಡಿಯುತ್ತಿದೆ, ಸ್ಯಾನಿಟೈಸರ್ ಘಾಟಿಗೆ ಗಂಟಲು ಕೆರೆಯುತ್ತಿದೆ. ಕರೆಂಟು ಹೋಗಿ ಯುಪಿಎಸ್ ಕುಂಯ್‌ಗುಡುತ್ತಿದೆ. ಮೊಬೈಲಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ತಿದ್ದುಪಡಿ ಮಸೂದೆಯ ಪಿಡಿಎಫ್. ಲೋಕಸಭೆಯಲ್ಲಿ ಮಂಡನೆಯಾದದ್ದು ನಿನ್ನೆ, ಭಾನುವಾರ.

ಬೆರಳಲ್ಲಿ ಅಕ್ಷರ ಹಿಗ್ಗಿಸಿ ಓದುತ್ತೀರಿ. ವಿದೇಶಿ ಹಣಕ್ಕೆ ದೆಹಲಿಯ ಎಸ್‌ಬಿಐ ಶಾಖೆಯಲ್ಲೇ ಖಾತೆ. ಪದಾಧಿಕಾರಿಗಳಿಗೆಲ್ಲ ಆಧಾರ್ ಕಡ್ಡಾಯ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ. ಎದೆ ಧಸಕ್ಕೆನ್ನುವುದು 7ನೇ ಸೆಕ್ಷನ್ನಿಗೆ ಬಂದಾಗ: ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ನಿಮಗೆ ದುಡ್ಡು ಬರುವುದೇ ಹಾಗೆ. ಬೆಂಗಳೂರಿನ ದೊಡ್ಡ ಸಂಸ್ಥೆ ಪಡೆದು, ನಿಮ್ಮ ಪಾಲು ಕಳಿಸುತ್ತದೆ. ವಿದೇಶದ ದಾನಿಗೆ ಲಿಂಗಸುಗೂರು ಎಲ್ಲಿದೆಯೆಂದೂ ತಿಳಿಯದು.

ಲೆಕ್ಕ ಬರೆಯುವ ಹುಡುಗ ಕತ್ತೆತ್ತುತ್ತಾನೆ. “ಅಕ್ಕಾರ, ನನ್ ಪಗಾರ ಆಡಳಿತ ಖರ್ಚಿನ್ಯಾಗ ಬರ್ತದೇನ್ರೀ?”

ಬರುತ್ತದೆ. ಅವನ ಪಗಾರ, ಈ ಕೋಣೆಯ ಬಾಡಿಗೆ, ಕರೆಂಟ್ ಬಿಲ್ಲು, ಎಲ್ಲವೂ. “ನೋಡೂಣು ತಮ್ಮಾ” ಅನ್ನುತ್ತೀರಿ. ನಾಲಿಗೆ ಒಣಗಿದೆ. ದುಡ್ಡು ನುಂಗುವ ಸಂಸ್ಥೆಗಳು ಇಲ್ಲವೆಂದಲ್ಲ. ಆದರೆ ಅವನ್ನು ಹಿಡಿಯಲು ಮೊದಲು ಬೇಕಾದವನೇ ಈ ಲೆಕ್ಕಿಗ!

ದೆಹಲಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ‘ವಾಣಿ’ ವಿರೋಧಕ್ಕೆ ನಿಂತಿದೆ. ನಿಮ್ಮ ಜಿಲ್ಲೆಯ ಗೆಳೆಯರೂ ಸಂಸದರಿಗೆ ಪತ್ರ ಸಿದ್ಧಪಡಿಸಿ, ಸಂಸ್ಥೆಯ ಹೆಸರು ಸೇರಿಸಲೇ ಎಂದು ಕೇಳಿದ್ದಾರೆ. “ಬೇಗ ಹೇಳಿ.” ಫೋನು ಮತ್ತೆ ನಡುಗುತ್ತದೆ. ಲೋಕಸಭೆಯಲ್ಲಿ ಪಾಸಾಯಿತಂತೆ. ಇಷ್ಟು ಬೇಗ? ಇನ್ನುಳಿದದ್ದು ರಾಜ್ಯಸಭೆ ಮಾತ್ರ.

ಅಂಗೈ ಬೆವರುತ್ತದೆ. ಮುಂದಿನ ವರ್ಷ ಸಂಸ್ಥೆಯ ವಿದೇಶಿ ದೇಣಿಗೆ ನೋಂದಣಿಯ ನವೀಕರಣ. ಅರ್ಜಿ ಹೋಗುವುದು ಇದೇ ಮಸೂದೆ ತಂದ ಗೃಹ ಸಚಿವಾಲಯಕ್ಕೆ. ಹೆಸರು ಹಾಕಿದರೆ ಕಡತದಲ್ಲಿ ಕೂರುತ್ತದೆ. ಹಾಕದಿದ್ದರೆ ನಾಳೆ ಈ ಹುಡುಗನ ಮುಖ ಹೇಗೆ ನೋಡುತ್ತೀರಿ? ಬೆರಳು ಪರದೆಯ ಮೇಲೆ ತಡೆಯುತ್ತದೆ. ‘ಸೇರಿಸಿ’ ಎಂದು ಒತ್ತುತ್ತೀರಿ. ಹೊಟ್ಟೆಯೊಳಗೆ ತಳಮಳ ನಿಲ್ಲುವುದಿಲ್ಲ.

ಬುಧವಾರ, 23. ರಾಜ್ಯಸಭೆಯಲ್ಲಿ ಕೆಲವು ಸಂಸದರ ಅಮಾನತು ವಿರೋಧಿಸಿ ಪ್ರತಿಪಕ್ಷಗಳು ಕಲಾಪ ಬಹಿಷ್ಕರಿಸಿವೆ. ನಿಮ್ಮ ಪರ ಮಾತಾಡಬಹುದಾದವರೆಂದು ನೀವು ನೆಚ್ಚಿದ್ದವರು ಸದನದೊಳಗೇ ಇಲ್ಲ. ಮಸೂದೆ ಅಂಗೀಕಾರವಾಗುತ್ತದೆ. ಅಧಿವೇಶನವೂ ಅಂದೇ ಮುಗಿಯುತ್ತದೆ.

28ಕ್ಕೆ ರಾಷ್ಟ್ರಪತಿಗಳ ಅಂಕಿತ, 29ಕ್ಕೆ ಜಾರಿ. ಕೆಲಸ ಮಾಡುವವರನ್ನು ಒಂದು ಮಾತೂ ಕೇಳದೆ ತಂದ ಕಾನೂನಿದು. 2022ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಗುರುತಿಗೆ ಆಧಾರ್ ಬದಲು ಪಾಸ್‌ಪೋರ್ಟ್ ಕೊಟ್ಟರೂ ಆಗುತ್ತದೆಂದು ಸಡಿಲಿಸಿ, ಹಣ ವರ್ಗಾವಣೆಯ ನಿಷೇಧವನ್ನು ಹಾಗೆಯೇ ಎತ್ತಿಹಿಡಿಯಿತು.